ಕೃಷ್ಣನ ತೊಟ್ಟಿಲ ಮೇಲಿನ ನಕ್ಷತ್ರ

ಗೋಕುಲಾಷ್ಟಮಿಯ ದಿನ ನಮ್ಮ ಮನೆಯಲ್ಲಿ ಕೃಷ್ಣನ ತೊಟ್ಟಿಲ ಮೇಲೆ ಒಂದು ನಕ್ಷತ್ರ ತೂಗುತ್ತದೆ. ಆರು ಮೂಲೆಯದು, ಹಿತ್ತಾಳೆ ಬಣ್ಣದ್ದು, ಮಗುವಿನ ಅಂಗೈಯಷ್ಟು ಅಗಲ. ಕೆಂಪು ರೇಷ್ಮೆ ದಾರ ಕಟ್ಟಿ ತೊಟ್ಟಿಲ ಸರಪಳಿಗೆ ಇಳಿಬಿಡುತ್ತಾರೆ. ಮದುವೆಯಾಗಿ ಮೈಸೂರಿನಿಂದ ಮದ್ರಾಸಿನ ಈ ಟಿ. ನಗರದ ಫ್ಲ್ಯಾಟಿಗೆ ಬಂದ ಮೊದಲ ವರ್ಷ ಇದೇನೆಂದು ಕೇಳಿದಾಗ ನನ್ನ ಗಂಡ ಗುರುಚರಣ, "ರೋಹಿಣಿ. ಕೃಷ್ಣ ಹುಟ್ಟಿದ್ದು ರೋಹಿಣಿ ನಕ್ಷತ್ರದಲ್ಲಿ ಅಲ್ವಾ, ಅದಕ್ಕೆ" ಎಂದಿದ್ದರು. ಇರಬಹುದು ಅಂದುಕೊಂಡೆ. ಹೊಸ ಸೊಸೆ ಬಂದ ವರ್ಷವೇ ಮನೆಯ ಸಂಪ್ರದಾಯದ ಬುಡ ಕೆದಕಬಾರದು ಎಂದು ಅಮ್ಮ ಹೇಳಿ ಕಳಿಸಿದ್ದಳು. ವೀಕ್ಷಾ ಹುಟ್ಟಿದ ಮೇಲೆ ನನಗೆ ಅದರ ಅರ್ಥಕ್ಕಿಂತ ಅದರ ಚೂಪು ಮೂಲೆಗಳದ್ದೇ ಯೋಚನೆ. ದಾರ ಕಿತ್ತು ಬಿದ್ದರೆ? ಮಗು ಬಾಯಿಗೆ ಹಾಕಿಕೊಂಡರೆ? ಸೀಸ ಗೀಸ ಇದ್ದರೆ?

ಅದು ಯುದ್ಧದ ಪದಕ ಎಂದು ಗೊತ್ತಾದದ್ದು ಈ ವರ್ಷ. ವೀಕ್ಷಾ ಈಗ ಒಂದನೇ ಕ್ಲಾಸು. ಮನೆಯ ಅತಿ ಹಳೆಯ ವಸ್ತುವೊಂದನ್ನು ತಂದು ಅದರ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಶಾಲೆಯವರು ಹೇಳಿ ಕಳಿಸಿದ್ದರು. ನಾನು ಆತಂಕದಿಂದ ಮನೆಯೆಲ್ಲ ಹುಡುಕುತ್ತಿದ್ದರೆ, ಸುಗುಣಜ್ಜಿ ಕುರ್ಚಿಯಲ್ಲಿ ಕೂತು ಕೀರೆಸೊಪ್ಪು ಬಿಡಿಸುತ್ತಾ, "ಅಪ್ಪನ ಪದಕ ಕೊಡು ಮಾ, ಅದಕ್ಕಿಂತ ಪಳಸು ಏನಿದೆ?" ಅಂದರು.

"ಯಾವ ಪದಕ ಅಜ್ಜಿ?"

"ಅದೇ, ತೊಟ್ಟಿಲ ಮೇಲಿನ ಸ್ಟಾರು. ಇನ್ನೂ ಎರಡಿವೆ ಡಬ್ಬದಲ್ಲಿ, ರೌಂಡಾಗಿ."

ಸುಗುಣಜ್ಜಿ ಗುರುಚರಣರ ತಂದೆಯ ತಾಯಿ. ಹುಟ್ಟಿ ಬೆಳೆದದ್ದು ತಿರುವಲ್ಲಿಕ್ಕೇಣಿಯ ಓಣಿಯಲ್ಲಿ, ಕೆಲಸ ಮಾಡಿದ್ದು ಟೆಲಿಫೋನಿನವರ ಟ್ರಂಕ್ ಎಕ್ಸ್‌ಚೇಂಜಿನಲ್ಲಿ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರೂರಿಗೆ ಲೈನು ಕೊಡುತ್ತಿದ್ದ ಹೆಂಗಸು. ಆ ದನಿ ಇವತ್ತಿಗೂ ಹಾಗೇ ಇದೆ. ಅಡುಗೆಮನೆಯಿಂದ ಒಂದು ಸಲ "ಗುರೂ" ಎಂದರೆ ಕೆಳಗೆ ಸ್ಕೂಟರ್ ನಿಲ್ಲಿಸುತ್ತಿರುವವರಿಗೆ ಕೇಳಿಸುತ್ತದೆ. ಸತ್ತ ಸುದ್ದಿ, ಹುಟ್ಟಿದ ಸುದ್ದಿ, ಗಂಡು ಒಪ್ಪಿದ ಸುದ್ದಿ, ಎಲ್ಲ ಮೊದಲು ತನ್ನ ಕಿವಿ ದಾಟಿಯೇ ಹೋಗಬೇಕಿತ್ತು ಎಂದು ಹೇಳಿಕೊಳ್ಳುತ್ತಾರೆ. "ಕೇಳಬಾರದು ಅಂತ ರೂಲು. ಕೇಳಿಸಿಬಿಟ್ಟರೆ ಏನು ಮಾಡೋದು? ಸೇಲಂನ ಒಬ್ಬ ಹುಡುಗ ಪಾಸಾದ ಅಂತ ನಾನು ಇಲ್ಲಿ ಕೂತು ಅತ್ತಿದೀನಿ." ಅಜ್ಜಿಯ ಕನ್ನಡದಲ್ಲಿ ಅರ್ಧ ತಮಿಳು. ನನ್ನ ಮಗಳಿಗೆ ಅದೇ ಇಷ್ಟ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ, ಮುತ್ತಜ್ಜಿಯ ಹತ್ತಿರ ಮಾತ್ರ ಎರಡೂ ಆಡುತ್ತಾಳೆ.

ಪದಕದ ಡಬ್ಬ ಪೂಜೆ ಕಪಾಟಿನ ಕೆಳಗಿತ್ತು. ಹಳೇ ವಿಲಾಯಿತಿ ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳದ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ತಿರುಪತಿ ವೆಂಕಟರಮಣನನ್ನು ಗೋಂದಿನಿಂದ ಅಂಟಿಸಿದ್ದಾರೆ. ಚಿತ್ರದ ಅಂಚಿನಲ್ಲಿ ಒಂದು ಗುಲಾಬಿ ಬಣ್ಣದ ಫ್ರಾಕಿನ ತುದಿ, ಒಂದು ಬಿಳೀ ಕೈ ಕಾಣುತ್ತದೆ. ಒಳಗೆ ಎರಡು ದುಂಡು ಬೆಳ್ಳಿ ಬಣ್ಣದ ಪದಕ, ಜೊತೆಗೆ ನಕ್ಷತ್ರ. ನಕ್ಷತ್ರ ಎಷ್ಟು ಥಳಥಳ ಎಂದರೆ ನಡುವಿನ ಬರಹವೆಲ್ಲ ಸವೆದು, ಕೆಳಗಡೆ ಇಂಗ್ಲಿಷಿನಲ್ಲಿ 'ಸ್ಟಾರ್' ಎಂಬ ಅಕ್ಷರಗಳ ನೆರಳು ಮಾತ್ರ ಉಳಿದಿದೆ.

"ಎಲ್ಲಿಯ ಯುದ್ಧಕ್ಕೆ ಸಿಕ್ಕಿದ್ದು ಅಜ್ಜಿ? ಏನಂತ ಹೇಳಿಕೊಡಲಿ ಮಗುವಿಗೆ?"

ಅಜ್ಜಿ ಸೊಪ್ಪಿನ ಬಟ್ಟಲನ್ನು ಪಕ್ಕಕ್ಕಿಟ್ಟರು. ಎಕ್ಸ್‌ಚೇಂಜಿನ ದನಿ ಇದ್ದಕ್ಕಿದ್ದಂತೆ ಇಳಿದುಹೋಯಿತು. "ಅದೇ ಗೊತ್ತಿಲ್ಲ ಮಾ" ಅಂದರು.

ಅವರು ಆಮೇಲೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಅಜ್ಜಿಯ ತಂದೆ ವಿಶ್ವನಾಥ ರಾಯರು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿ ಗುಮಾಸ್ತರಾಗಿ ಸೇರಿ ಹೋದರು. ಹೋದದ್ದು ಅಜ್ಜಿಗೆ ನೆನಪಿಲ್ಲ. ಬಂದದ್ದು ನೆನಪಿದೆ. ಬಾಗಿಲಲ್ಲಿ ಖಾಕಿ ಬಟ್ಟೆಯ ಮನುಷ್ಯ ನಿಂತಿದ್ದ. ಹುಡುಗಿ ಒಳಗೆ ಓಡಿ, "ಅಮ್ಮಾ, ಪೋಸ್ಟ್‌ಮ್ಯಾನ್" ಎಂದಳು. ಅಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದವಳು ಕಂಬ ಹಿಡಿದು ನಿಂತಳಂತೆ.

ರಾಯರ ಕೈಯಲ್ಲಿ ಈ ಡಬ್ಬ ಇತ್ತು, ಮಗಳಿಗೆಂದು ತಂದದ್ದು. ಮುಚ್ಚಳದ ಮೇಲೆ ಗುಲಾಬಿ ಫ್ರಾಕಿನ, ನಗುಮುಖದ ಒಬ್ಬ ದೊರೆಸಾನಿಯ ಚಿತ್ರ. ಅಷ್ಟೇ ಸಾಕಾಯಿತು ಓಣಿಗೆ. ನಮ್ಮ ಕಡೆಯ ಸೈನಿಕರು ಇಟಲಿಗೂ ಹೋಗಿದ್ದರು ಎಂದು ಯಾರೋ ಪೇಪರಿನಲ್ಲಿ ಓದಿದ್ದರು. ವಿಶ್ವನಾಥ ಇಟಲಿಯಲ್ಲೇ ಇದ್ದ, ಅಲ್ಲಿ ಅವನಿಗೊಬ್ಬಳು ದೊರೆಸಾನಿ ಇದ್ದಳು, ಡಬ್ಬದ ಮೇಲಿರುವುದು ಅವಳೇ!

ರಾಯರು ಹೇಳಿದ್ದು ಒಂದೇ ಮಾತು: "ನಾನು ಬರ್ಮಾ ಕಡೆ ಇದ್ದೆ. ಅಸ್ಸಾಮಿನ ಮೇಲೆ ಕಾಡಿನಲ್ಲಿ ಹೋದ್ವಿ. ಸಮುದ್ರ ದಾಟಿಲ್ಲ." ಮನೆಯಲ್ಲಿ ಅದನ್ನು ಯಾರೂ ನಂಬಲಿಲ್ಲ. ಸಮುದ್ರ ದಾಟಿದವನಿಗೆ ಪ್ರಾಯಶ್ಚಿತ್ತ ಆಗದೆ ಪಂಕ್ತಿಯಲ್ಲಿ ಎಲೆ ಹಾಕುವುದಿಲ್ಲ ಎಂದು ಅವರ ತಾಯಿಯೇ ಹಟ ಹಿಡಿದರು. ದಾಟೇ ಇಲ್ಲ ಎನ್ನುವವನು ಸುಮ್ಮನೆ ಕೂತು ಪಂಚಗವ್ಯ ಕುಡಿದು, ಹೊಸ ಜನಿವಾರ ಹಾಕಿಕೊಂಡು ಎದ್ದ. ಕುಡಿದದ್ದೇ ತಪ್ಪೊಪ್ಪಿಗೆ ಎಂದಾಯಿತು. ಆಮೇಲೆ ಬಂದರಿನ ಆಫೀಸಿನಲ್ಲಿ ಗುಮಾಸ್ತರಾಗಿ ಸೇರಿದರು. ದಿನವೂ ಸಮುದ್ರದ ಮುಂದೆಯೇ ಕೆಲಸ. ಅಜ್ಜಿ ಹೈಸ್ಕೂಲಿನಲ್ಲಿರುವಾಗಲೇ ಜ್ವರ ಬಂದು ತೀರಿಕೊಂಡರು.

"ಅಮ್ಮ ಜಗಳ ಮಾಡಲಿಲ್ಲ, ಕೇಳಲೂ ಇಲ್ಲ. ಕ್ಯಾಲೆಂಡರ್ ಬಂದಾಗ ಪೆರುಮಾಳನ್ನ ಕತ್ತರಿಸಿ ಅವಳ ಮೂತಿ ಮೇಲೆ ಅಂಟಿಸಿಬಿಟ್ಟಳು. ಅಷ್ಟೇ."

"ಪದಕ?"

"ಅದು ಪೋಸ್ಟಿನಲ್ಲಿ ಬಂತು, ಆಮೇಲೆ. ಅಪ್ಪ ಅದನ್ನ ಯಾರಿಗೂ ತೋರಿಸಲಿಲ್ಲ. ಸ್ಟಾರು ನೋಡಿ ಅಮ್ಮನಿಗೆ ರೋಹಿಣಿ ಅಂತ ತೋಚಿತು. ಕೃಷ್ಣನ ಹತ್ತಿರ ಕಟ್ಟಿದಳು. ಅಲ್ಲಿದ್ದರೆ ಯಾರೂ ಮುಟ್ಟಿ ಮಾತಾಡೋ ಹಾಗಿಲ್ಲ ನೋಡು. ಪೂಜೆ ಪಾತ್ರೆ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕೋಳು. ನನಗೆ ಇಂಗ್ಲಿಷ್ ಓದೋಕೆ ಬರೋ ಹೊತ್ತಿಗೆ ಅಕ್ಷರ ಹೊರಟುಹೋಗಿತ್ತು."

ಊರಿಗೆಲ್ಲ ಲೈನು ಕೊಟ್ಟವರು ಇದೊಂದನ್ನು ಯಾಕೆ ವಿಚಾರಿಸಲಿಲ್ಲ ಎಂದು ಕೇಳಬೇಕೆನಿಸಿತು. ಅವರೇ ಹೇಳಿದರು. "ಕೇಳಿ, ಇಟಲಿ ಅಂತ ಬಂದುಬಿಟ್ಟರೆ? ಅಮ್ಮ ಇರೋವರೆಗೂ ಧೈರ್ಯ ಬರಲಿಲ್ಲ. ಆಮೇಲೆ ಮರೆತ ಹಾಗೆ ಇದ್ದೆ. ಹೋಗೋಕೆ ಮುಂಚೆ ತಿಳಕೋಬೇಕು ಅಂತ ಈಗ ಅನಿಸುತ್ತೆ. ಅಪ್ಪ ಅಷ್ಟು ಜನದ ಮುಂದೆ ಸುಳ್ಳು ಹೇಳಿದ್ನಾ, ಇಲ್ವಾ?"

ನಾನು ಅವತ್ತೇ ಫೋನಿನಲ್ಲಿ ಹುಡುಕಿದೆ. ಹುಡುಕಿದಷ್ಟೂ ಗಾಬರಿ ಹೆಚ್ಚಾಯಿತು. ಆ ಯುದ್ಧದ ನಕ್ಷತ್ರಗಳೆಲ್ಲ ಒಂದೇ ಅಚ್ಚು. ಆಫ್ರಿಕಾದ್ದೂ ಹಾಗೇ, ಇಟಲಿಯದ್ದೂ ಹಾಗೇ, ಬರ್ಮಾದ್ದೂ ಹಾಗೇ. ಪದಕದ ಬದಲು ವೀಕ್ಷಾಳ ಕೈಗೆ ಹಳೇ ಕಾಫಿ ಫಿಲ್ಟರ್ ಕೊಟ್ಟು ಶಾಲೆಗೆ ಕಳಿಸಿದೆ. ಅದು ಸೋರುತ್ತದೆ ಎನ್ನುವುದನ್ನೂ ಸೇರಿಸಿ ಅವಳು ನಾಲ್ಕು ಮಾತು ಹೇಳಿ ಬಂದಳಂತೆ.

ತಾಂಬರದಲ್ಲಿ ಗುಂಡಣ್ಣ ಎಂಬುವರಿದ್ದಾರೆ, ಮಂಡ್ಯದ ಕಡೆಯವರು. ವಾಯುಪಡೆಯಲ್ಲಿದ್ದು ನಿವೃತ್ತರಾಗಿ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಯುಗಾದಿಯ ಕನ್ನಡ ಕೂಟದಲ್ಲಿ ಊಟ ಮುಗಿಯುವವರೆಗೂ ತಮ್ಮ ನಾಣ್ಯ, ಪದಕಗಳ ಸಂಗ್ರಹದ ವಿಷಯ ಕೊರೆದು ಎಲ್ಲರನ್ನೂ ಓಡಿಸುವ ಮನುಷ್ಯ. ಹೋದ ವರ್ಷ ನಾನೂ ಹೋಳಿಗೆ ಹಿಡಿದು ಓಡಿದ್ದೆ. ಈಗ ನಾನೇ ಫೋನ್ ಮಾಡಿ, ಶನಿವಾರ ಎಲೆಕ್ಟ್ರಿಕ್ ಟ್ರೈನು ಹತ್ತಿ ಹೋದೆ. ಮೂರೂ ಪದಕ ಕರವಸ್ತ್ರದಲ್ಲಿ, ಕರವಸ್ತ್ರ ಟಿಫನ್ ಡಬ್ಬಿಯಲ್ಲಿ, ಟಿಫನ್ ಡಬ್ಬಿ ಬ್ಯಾಗಿನಲ್ಲಿ, ಬ್ಯಾಗು ಎದೆಗೆ. ಪಲ್ಲಾವರ ದಾಟುವವರೆಗೆ ಡಬ್ಬಿ ತೆರೆದು ತೆರೆದು ನೋಡಿದೆ.

ಗುಂಡಣ್ಣ ಭೂತಗನ್ನಡಿ ಹಿಡಿದು ನಕ್ಷತ್ರವನ್ನು ಮಗುಚಿ ಮಗುಚಿ ನೋಡಿದರು. ಮುಖ ಹುಳ್ಳಗಾಯಿತು.

"ಯಾರವ್ವ ಇದನ್ನ ಹಿಂಗೆ ಉಜ್ಜಿರೋರು?"

"ದೇವರ ಪಾತ್ರೆ ಜೊತೆ, ಹುಣಸೆಹಣ್ಣಿನಲ್ಲಿ..."

"ಅಯ್ಯೋ ಶಿವನೇ! ಶತ್ರು ಕೈಗೆ ಸಿಕ್ಕಿದ್ರೂ ಇಷ್ಟು ನುಣ್ಣಗಾಗ್ತಿರಲಿಲ್ಲ. ಹಿಂದುಗಡೆ ಅವರ ಹೆಸರು ಕುಟ್ಟಿರ್ತಾರೆ, ಅದನ್ನೂ ತೊಳೆದು ಕುಡಿದುಬುಟ್ಟವ್ರೆ."

ದುಂಡು ಪದಕಗಳನ್ನು ನೋಡಿದ ಕೂಡಲೇ ಪಕ್ಕಕ್ಕಿಟ್ಟರು. "ಇವು ಆವಾಗ ಸೈನ್ಯದಲ್ಲಿ ಇದ್ದೋರಿಗೆಲ್ಲ ಕೊಟ್ಟಿದ್ದು. ಎಲ್ಲಿದ್ರು ಅಂತ ಇವು ಹೇಳಾಕಿಲ್ಲ. ವೀರ ಪದಕ ಅಂದ್ಕೊಂಡಿದ್ರೇನೋ? ಇಲ್ಲ ಕಣವ್ವ, ಹಾಜರಿ ಪದಕ. ಬಂದಿದ್ದೆ ಸ್ವಾಮಿ ಅನ್ನೋಕೆ." ಆಮೇಲೆ ನಕ್ಷತ್ರ ಎತ್ತಿ ಹಿಡಿದು, "ಎಲ್ಲಿಗೆ ಹೋಗಿದ್ರು ಅಂತ ಹೇಳೋನು ಇವನೊಬ್ಬನೇ. ಇವನ ಬಾಯನ್ನೇ ತಿಕ್ಕಿಬುಟ್ಟಿದ್ದೀರಿ" ಎಂದರು.

ನನಗೆ ಕಣ್ಣಲ್ಲಿ ನೀರು ಬರುವ ಹಾಗಾಯಿತು. ಗುಂಡಣ್ಣ ಕೊಂಚ ಮೆತ್ತಗಾದರು. "ರಿಬ್ಬನ್ ಎಲ್ಲಿ? ಇದನ್ನ ನೇತುಹಾಕೋ ಬಣ್ಣದ ಪಟ್ಟಿ. ಅದಿದ್ರೆ ಅಕ್ಷರಾನೇ ಬೇಡ. ಒಂದೊಂದು ಕಡೆಗೂ ಒಂದೊಂದು ಬಣ್ಣ."

ಕಪಾಟಿನಿಂದ ಪುಸ್ತಕ ತೆಗೆದು ತೋರಿಸಿದರು. ಇಟಲಿಯದ್ದು ಕೆಂಪು, ಬಿಳಿ, ನಡುವೆ ಹಸಿರು. ಬರ್ಮಾದ್ದು ಕಡುನೀಲಿ, ನಡುವೆ ಅಗಲವಾದ ಕೆಂಪು, ನೀಲಿಯ ಮೇಲೆ ತೆಳುವಾದ ಕಿತ್ತಳೆ ಗೆರೆ. ಫೋಟೋ ತೆಗೆದುಕೊಂಡೆ. ನಮ್ಮಲ್ಲಿ ಇರುವುದು ರೇಷ್ಮೆ ದಾರ ಎಂದಾಗ ಗುಂಡಣ್ಣನ ಹೆಂಡತಿ ಕಾಫಿ ಲೋಟ ಕೊಡುತ್ತಾ, "ಇವರ ಮಾತು ಕೇಳಿ ಹೆದರ್ಕೋಬೇಡಿ ಕಣಮ್ಮ. ಹಳೇ ಕಾಲದೋರು ಒಂದು ಚೂರು ಬಟ್ಟೆ ಬಿಸಾಕ್ತಿರಲಿಲ್ಲ" ಅಂದರು.

ಮನೆಗೆ ಬಂದು ಹೇಳಿದೆ. ಅಜ್ಜಿ ಕಣ್ಣು ಮುಚ್ಚಿ ಯೋಚಿಸಿದರು. "ಪಟ್ಟಿ ಇತ್ತು. ಪೋಸ್ಟಿನಲ್ಲಿ ಬಂದ ಬಟ್ಟೆ, ಯಾರ್ಯಾರು ಮುಟ್ಟಿದ್ದೋ, ಮಡಿಗೆ ಬರೋಲ್ಲ ಅಂತ ಅಮ್ಮ ದೇವರ ಹತ್ತಿರ ತರಲಿಲ್ಲ. ಏನು ಮಾಡಿದಳೋ ತೆರಿಯಲೆ."

ನಮ್ಮ ಅತ್ತೆ ಜಯಲಕ್ಷ್ಮೀ, ಅಂದರೆ ಅಜ್ಜಿಯ ಸೊಸೆ, ಟೀವಿಯ ದನಿ ತಗ್ಗಿಸಿದರು. "ಸಂಹಿತಾ, ಆ ಪಟ್ಟಿ ಹೇಗಿರುತ್ತೆ? ಮಡಿಸಿದರೆ ಬಗ್ಗದ ಹಾಗೆ, ಗಟ್ಟಿ ನೇಯ್ಗೆನಾ?"

"ಹೌದತ್ತೆ."

"ಹಾಗಿದ್ದರೆ ಪಟ್ಟದ ಗೊಂಬೆ ರಾಜನ ಶಲ್ಯ ನೋಡಬೇಕು. ಪ್ರತಿ ನವರಾತ್ರಿಗೂ ಅದರ ಜೊತೆ ನನ್ನದು ಒದ್ದಾಟ. ಹೆಗಲ ಮೇಲೆ ನಿಲ್ಲಲ್ಲ, ದರಿದ್ರದ್ದು. ಹಿಂದುಗಡೆಯಿಂದ ಪಿನ್ನು ಚುಚ್ಚಿ ನಿಲ್ಲಿಸ್ತೀನಿ. ಬದಲಾಯಿಸೋಣ ಅಂದರೆ ನೀವೇ ಬೇಡ ಅಂದಿರಿ, ಅಮ್ಮ ತೊಡಿಸಿದ್ದು ಅಂತ," ಎಂದರು ಅಜ್ಜಿಯ ಕಡೆ ತಿರುಗಿ.

ಪಟ್ಟದ ಗೊಂಬೆಗಳೆಂದರೆ ಕೆಂಪು ಮರದ ರಾಜ, ರಾಣಿ. ಇಲ್ಲಿಯವರು ಮರಪ್ಪಾಚ್ಚಿ ಎನ್ನುತ್ತಾರೆ. ಮನೆಯ ಹೆಂಗಸರು ಚೂರುಪಾರು ಬಟ್ಟೆಯಲ್ಲಿ ಅವಕ್ಕೆ ಉಡುಗೆ ಹೊಲಿಯುತ್ತಾರೆ. ನಮ್ಮವು ಅಜ್ಜಿಯ ತಾಯಿಯ ಕಾಲದವು. ಬಣ್ಣ ಯಾವುದು ಎಂದರೆ ಅತ್ತೆಗೆ ನೆನಪಿಲ್ಲ. "ಮೇಲೆ ಹಾರ, ಸರ ಎಲ್ಲ ಹಾಕಿಬಿಡ್ತೀವಲ್ಲ, ಏನೋ ಪಟ್ಟೆ ಪಟ್ಟೆ" ಎಂದರು. ನಾನು ಆಗಲೇ ಅಟ್ಟದ ಏಣಿ ಎಳೆದಿದ್ದೆ.

"ವೇಂಡಾ" ಎಂದರು ಅಜ್ಜಿ. ಎಕ್ಸ್‌ಚೇಂಜಿನ ದನಿ. "ನವರಾತ್ರಿಗೆ ಹೇಗೂ ಇಳಿಸ್ತೀವಿ. ಅಲ್ಲಿವರೆಗೆ ಯಾರೂ ಮುಟ್ಟಬೇಡಿ."

ಹಾಗಾಗಿ ಕಾದೆವು. ಗೋಕುಲಾಷ್ಟಮಿಗೆ ನಕ್ಷತ್ರ ಎಂದಿನಂತೆ ತೂಗಿತು. ಅಕ್ಕಿಹಿಟ್ಟಿನಲ್ಲಿ ಕೃಷ್ಣನ ಪಾದ ಬರೆದು, ಚಕ್ಕುಲಿ, ಸೀಡೈ ನೈವೇದ್ಯವಾಯಿತು. ಅಜ್ಜಿ ತೊಟ್ಟಿಲು ತೂಗುವಾಗ ಮೇಲೆ ನೋಡಲಿಲ್ಲ. ಆ ದಿನಗಳಲ್ಲಿ ಅವರು ಕ್ರಿಕೆಟ್ ಕಾಮೆಂಟರಿ ಹಾಕುವುದನ್ನೂ ಬಿಟ್ಟರು. ಊಟ ಕಮ್ಮಿಯಾಯಿತು. ನನಗೋ, ಒಂದು ಪ್ರಶ್ನೆ ಕೇಳಿ ಮುದುಕಿಯನ್ನು ಮಂಚ ಹಿಡಿಸಿದೆನೇ ಎಂಬ ದಿಗಿಲು. ದಿನಕ್ಕೊಂದು ನೆಪ ಹೂಡಿ ಬಿ.ಪಿ. ನೋಡುತ್ತಿದ್ದೆ.

"ನನ್ನದೇನೋ ನೋಡ್ತೀ, ನಿನ್ನದು ನೋಡಿಕೋ" ಎನ್ನುತ್ತಿದ್ದರು. ನೋಡಿಕೊಂಡರೆ ನನ್ನದೇ ಜಾಸ್ತಿ.

ಆದರೆ ಅದೇ ದಿನಗಳಲ್ಲಿ ಅವರು ಅಪ್ಪನ ವಿಷಯ ಮಾತಾಡಿದಷ್ಟು ಯಾವತ್ತೂ ಮಾತಾಡಿರಲಿಲ್ಲವಂತೆ. ಮಧ್ಯಾಹ್ನ ವೀಕ್ಷಾಳಿಗೆ ಮೊಸರನ್ನ ಕಲಸುತ್ತಾ ಹೇಳುವರು. ಅಪ್ಪ ಮಳೆ ಬಂದರೆ ಕಾಲಿನ ಬೆರಳ ಸಂದಿ ನೋಡಿಕೊಳ್ಳುತ್ತಿದ್ದದ್ದು. ಮರೀನಾದಲ್ಲಿ ಮರಳ ಮೇಲೆ ಮಗಳನ್ನು ಕೂರಿಸಿ, ತಾನು ಅಲೆಗೆ ಬೆನ್ನು ಹಾಕಿ ಕೂರುತ್ತಿದ್ದದ್ದು. ಕಡಲೆ ಸುಂಡಲ್ ಪೊಟ್ಟಣ ಪೂರ್ತಿ ಅವಳಿಗೇ ಕೊಟ್ಟು, ಕಾಗದಕ್ಕೆ ಅಂಟಿದ ಕಾಯಿತುರಿ ಮಾತ್ರ ತಾನು ತಿನ್ನುತ್ತಿದ್ದದ್ದು. "ಮಳೆ ಬಂದರೆ ಯಾಕಪ್ಪಾ ಕಾಲು ನೋಡ್ತೀ ಅಂದರೆ, ಜಿಗಣೆ ಕಣೇ ಅನ್ನೋನು. ಮದ್ರಾಸಿನಲ್ಲಿ ಏದು ಜಿಗಣೆ? ನಾವೆಲ್ಲ ನಗ್ತಿದ್ವಿ."

ಹೇಳಿ ಒಂದು ಕ್ಷಣ ತುತ್ತು ಹಿಡಿದ ಕೈ ಹಾಗೇ ನಿಂತಿತು. ವೀಕ್ಷಾ ಬಾಯಿ ತೆರೆದುಕೊಂಡೇ ಇದ್ದಳು. "ಇಟಲಿಯಲ್ಲಿ ಜಿಗಣೆ ಇರುತ್ತಾ ಮಾ?" ಎಂದು ಅಜ್ಜಿ ನನ್ನನ್ನು ಕೇಳಿದರು.

"ಗೊತ್ತಿಲ್ಲ ಅಜ್ಜಿ."

"ಫೋನಿನಲ್ಲಿ ನೋಡಬೇಡ. ಬಿಡು."

ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ಗುರುಚರಣ ಅಟ್ಟ ಹತ್ತಿ ಗೊಂಬೆ ಪೆಟ್ಟಿಗೆ ಇಳಿಸಿದರು. ನಾನು ಏಣಿ ಹಿಡಿದು, ಹುಷಾರು ಹುಷಾರು ಎನ್ನುತ್ತಿದ್ದೆ. ಅಜ್ಜಿ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ನೆಲದ ಮೇಲೆ ಕೂತಿದ್ದರು. ಮಂಡಿನೋವಿಗೆ ನೆಲದ ಮೇಲೆ ಕೂರದೆ ಎಷ್ಟೋ ಕಾಲವಾಗಿತ್ತು. ಹಳೇ ಪಂಚೆಯ ಸುತ್ತು ಬಿಚ್ಚಿ, ಮೊದಲು ರಾಣಿಯನ್ನು ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ರಾಜ. ಮುತ್ತಿನ ಸರ ತೆಗೆದರು. ಅತ್ತೆ ಬಗ್ಗಿ ಬೆನ್ನಿನ ಪಿನ್ನು ಬಿಚ್ಚಿದರು. ಶಲ್ಯ ತಾನಾಗಿ ಜಾರಿ ಅಜ್ಜಿಯ ಅಂಗೈಗೆ ಬಂತು.

ಹೊರಗಿನ ಮೈ ಮಾಸಿತ್ತು, ಬೂದಿ ಬಣ್ಣ. ಅಜ್ಜಿ ಅದನ್ನು ಮಗುಚಿದರು. ಬೆಳಕು ಕಾಣದ ಒಳಮೈಯಲ್ಲಿ ಬಣ್ಣ ಹಾಗೇ ಇತ್ತು. ಕಡುನೀಲಿ, ನಡುವೆ ಅಗಲವಾದ ಕೆಂಪು, ಎರಡೂ ಕಡೆಯ ನೀಲಿಯ ಮೇಲೆ ಒಂದೊಂದು ಕಿತ್ತಳೆ ಗೆರೆ.

ನಾನು ಫೋನು ಚಾಚಿದೆ. ಗುಂಡಣ್ಣನ ಪುಸ್ತಕದ ಫೋಟೋ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಒಂದು ಸಲ ಅದನ್ನು, ಒಂದು ಸಲ ಪಟ್ಟಿಯನ್ನು ನೋಡಿದರು. ಮತ್ತೆ ನೋಡಿದರು.

"ಬರ್ಮಾ ತಾನೆ?"

"ಬರ್ಮಾ ಅಜ್ಜಿ."

ಅಜ್ಜಿ ಅಳುತ್ತಾರೆಂದು ನಾನು ನೀರಿನ ಲೋಟ ಹಿಡಿದು ನಿಂತಿದ್ದೆ. ಅವರು ಅಳಲಿಲ್ಲ. ಪಟ್ಟಿಯನ್ನು ತೊಡೆಯ ಮೇಲೆ ಹರವಿ, ಇಸ್ತ್ರಿ ಮಾಡುವವರಂತೆ ಹೆಬ್ಬೆರಳಿನಿಂದ ನೀವಿದರು. "ಪ್ರತಿ ವರ್ಷ ಅರಿಶಿನ ಕುಂಕುಮಕ್ಕೆ ಬರೋರಲ್ಲ, ಓಣಿಯವರು," ಎಂದರು ನಿಧಾನವಾಗಿ. "ಸುಂಡಲ್ ತಿನ್ನುತ್ತಾ ಇದರ ಮುಂದೇನೇ ಕೂತು ದೊರೆಸಾನಿ ಮಾತಾಡೋರು. ಇದು ಅವರ ಕಣ್ಣೆದುರಿಗೇ ಇತ್ತು. ಅಮ್ಮನ ಕಣ್ಣೆದುರಿಗೂ ಇತ್ತು. ಅಪ್ಪ ಕೂತು ಪಂಚಗವ್ಯ ಕುಡಿದ, ಎದುರು ಮಾತಾಡಲಿಲ್ಲ. ಅವನು ಹೇಳಿದ್ದು ನಿಜಾನೇ ಆಗಿತ್ತು."

ಇಲ್ಲಿಗೆ ಸುಮ್ಮನಿರಬೇಕಿತ್ತು ನಾನು. ನನ್ನ ಜಾಯಮಾನ ಬಿಡಬೇಕಲ್ಲ. ಬರ್ಮಾದ ಕಡೆಗೆ ಹಡಗಿನಲ್ಲಿ ಹೋದವರೂ ಬಂದವರೂ ಇದ್ದರು ಎಂದು ಫೋನಿನಲ್ಲಿ ಓದಿದ್ದೆ. ಸಮುದ್ರ ದಾಟಲಿಲ್ಲ ಎಂಬುದಕ್ಕೆ ಇದು ಪೂರ್ತಿ ಸಾಕ್ಷಿಯಾಗುವುದಿಲ್ಲವಲ್ಲ ಎಂಬ ಮಾತು ಬಾಯಿ ಜಾರಿ ಬಂದೇಬಿಟ್ಟಿತು. ಅತ್ತೆ ನನ್ನನ್ನು ಸುಡುವಂತೆ ನೋಡಿದರು.

ಅಜ್ಜಿ ನಕ್ಕರು. ಎಷ್ಟೋ ವಾರಗಳ ಮೇಲೆ ಕೇಳಿದ ನಗು. "ಹಡಗಿನಲ್ಲೇ ಬಂದಿದ್ದರೂ ಇರಲಿ ಮಾ. ಅದಕ್ಕೆ ಪ್ರಾಯಶ್ಚಿತ್ತ ಆಗಿದೆಯಲ್ಲ. ಓಣಿಯವರ ದೊರೆಸಾನಿ ಇಟಲಿಯವಳು. ಅವಳು ಬರ್ಮಾ ಕಾಡಿಗೆ ಫ್ರಾಕ್ ಹಾಕಿಕೊಂಡು ಹೆಂಗೆ ಬಂದಾಳು? ಜಿಗಣೆ ಬಿಡುತ್ತಾ?"

ಪಟ್ಟಿಯನ್ನು ಪದಕಕ್ಕೇ ಕಟ್ಟೋಣವೇ ಎಂದು ಗುರುಚರಣ ಕೇಳಿದರು. ಬೇಡವೆಂದರು. ಅಮ್ಮ ತೊಡಿಸಿದ್ದು ರಾಜನ ಹೆಗಲ ಮೇಲೇ ಇರಲಿ. ಆದರೆ ಈ ಸಲ ಒಳಮೈ ಹೊರಗೆ ಮಾಡಿ ಹೊದಿಸಿ, ಮೇಲೆ ಹಾರ ಸರ ಏನೂ ಬೇಡ. ಅತ್ತೆ ಗೊಣಗುತ್ತಾ ಮತ್ತೆ ಪಿನ್ನು ಚುಚ್ಚಿದರು. ನಕ್ಷತ್ರವನ್ನು ಅಜ್ಜಿ ತಾವೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನನ್ನ ಕೈಗಿಟ್ಟು, "ಇನ್ಮೇಲೆ ಇದಕ್ಕೆ ಹುಣಸೆಹಣ್ಣು ತೋರಿಸಿದರೆ ನೋಡು" ಎಂದರು.

ಗುಂಡಣ್ಣನಿಗೆ ಫೋಟೋ ಕಳಿಸಿದೆ. ಅರ್ಧ ಗಂಟೆ ಫೋನಿನಲ್ಲಿ ಕೊರೆದರು. ಈ ಸಲ ನಾನು ಓಡಲಿಲ್ಲ.

ಸಂಜೆ ಅಜ್ಜಿ ಡಬ್ಬ ತರಿಸಿದರು. ಮುಚ್ಚಳದ ಮೇಲೆ ಒದ್ದೆ ಬಟ್ಟೆ ಹಾಕಿ ನೆನೆಯಲು ಬಿಟ್ಟರು. ದೇವರ ಪಟ ಕೀಳುವುದು ಸರಿಯೇ ಅಜ್ಜಿ, ಏನಾದರೂ ಆದರೆ ಎಂದು ನಾನು ಕೈ ಹಿಸುಕಿಕೊಂಡೆ. "ಎಷ್ಟು ವರ್ಷ ಕಾವಲು ನಿಂತಿದಾನೆ, ಪಾಪ. ಅವನಿಗೂ ರಿಟೈರ್‌ಮೆಂಟ್ ಕೊಡೋಣ" ಎಂದು ವೆಂಕಟರಮಣನನ್ನು ಅಂಚು ಹರಿಯದ ಹಾಗೆ ಬಿಡಿಸಿ, ಕಣ್ಣಿಗೊತ್ತಿಕೊಂಡು, ಪೂಜೆ ಕಪಾಟಿನಲ್ಲಿ ಒಣಗಲು ಇಟ್ಟರು.

ಗೋಂದಿನ ಕಲೆಯ ಕೆಳಗಿಂದ ದೊರೆಸಾನಿ ಕಂಡಳು. ಗುಂಡು ಮುಖ, ಕೆಂಪು ಕೆನ್ನೆ. ಬಿಳೀ ಕೈಯಲ್ಲಿ ಒಂದು ತಟ್ಟೆ. ತಟ್ಟೆಯ ತುಂಬ ಬಿಸ್ಕತ್ತು.

ವೀಕ್ಷಾ ಅಜ್ಜಿಯ ಬೆನ್ನ ಮೇಲೆ ಜೋತುಬಿದ್ದು ಇಣುಕಿದಳು. "ಇವಳು ಯಾರು ಪಾಟಿ?"

"ಯಾರೂ ಇಲ್ಲ ಕಣ್ಣಾ" ಎಂದರು ಸುಗುಣಜ್ಜಿ, ಚಿತ್ರದವಳ ಕೆನ್ನೆಯ ಗೋಂದನ್ನು ಸೆರಗಿನ ತುದಿಯಿಂದ ಒರೆಸುತ್ತಾ. "ಬಿಸ್ಕತ್ತು ಮಾರೋಳು."